ಸವೆಯೋದೇ ಡ್ಯೂಟಿ, ಪಗಾರ ಇಲ್ರಿ!

ರಾಯಚೂರಿನಲ್ಲೊಂದು ಉಪ್ಪುನೀರಿನ ಈಜುಕೊಳ ಇದೆ ಎಂದಿಟ್ಟುಕೊಳ್ಳಿ. ಥಳಥಳಿಸುವ ಸ್ಟೀಲ್ ಏಣಿಯ ಫೋಟೊ ಎಲ್ಲರೂ ತೆಗೆಯುತ್ತಾರೆ. ನಾವು ಮಾತಾಡಿಸಿದ್ದು ಅದರ ಕೊನೆಯ ಮೆಟ್ಟಿಲಡಿ ಬೋಲ್ಟಿಗೆ ಸಿಕ್ಕಿಕೊಂಡು, ಇಲಿ ತಿಂದ ರೊಟ್ಟಿಯಂತಾಗಿದ್ದ ಸತುವಿನ ಗಟ್ಟಿಯನ್ನು.

ತಮ್ಮ ಹುದ್ದೆ?

ಸಾಯೋದು ರೀ. ಕಾಗದದಾಗ ಸ್ಯಾಕ್ರಿಫಿಶಿಯಲ್ ಆನೋಡ್ ಅಂತಾರ, ಹಾಜರಿ ಪುಸ್ತಕದಾಗ ‘ಇತರೆ’. ಕಬ್ಬಿಣಕ್ಕಿಂತ ಲಗೂನ ಎಲೆಕ್ಟ್ರಾನ್ ಬಿಟ್ಟುಕೊಡೋ ಸ್ವಭಾವ ನಂದು. ಉಪ್ಪುನೀರು ಏಣಿ ಕಚ್ಚಾಕ ಬಂತಂದ್ರ ನಾ ಮುಂದ ಹೋಗ್ತೀನಿ. ನಾ ಕರಗ್ತೀನಿ, ಸಾಹೇಬ್ರು ಉಳೀತಾರ.

ಸಾಹೇಬರು ಸ್ಟೇನ್‌ಲೆಸ್ ಅಲ್ಲವೇ?

ಮೈಮ್ಯಾಲಿನ ಕ್ರೋಮಿಯಂ ಆಕ್ಸೈಡ್ ಪದರ ಇರೋತನ ಅಷ್ಟ. ಉಪ್ಪಿನಾಗಿನ ಕ್ಲೋರೈಡು ಅದನ್ನ ಹರೀತಂದ್ರ ಸಣ್ಣ ಸಣ್ಣ ತೂತು ಶುರು. 316 ನಂಬರಿನ ಸ್ಟೀಲಿನಾಗ 2–3 ಪರ್ಸೆಂಟ್ ಮಾಲಿಬ್ಡಿನಂ ಇರತೈತಿ, ಒಂದಿಷ್ಟು ತಡಕೋತೈತಿ. 304ಕ್ಕ ಅದು ಇಲ್ಲ. ಬಿಲ್ಲಿನಾಗ 316 ಐತಿ, ಏಣಿ 304. ಮ್ಯಾಗ್ನೆಟ್ ಹಿಡಿದು ತಪಾಸಣಿ ಮಾಡಿದ್ರು. ಎರಡಕ್ಕೂ ಮ್ಯಾಗ್ನೆಟ್ ಅಂಟಂಗಿಲ್ಲ ನೋಡ್ರಿ, ಎಲ್ಲಾರೂ ಪಾಸ್.

ಸಮುದ್ರದಷ್ಟು ಉಪ್ಪೇ ಇಲ್ಲಿ?

ಹತ್ತನೇ ಪಾಲು. ಸಮುದ್ರದಾಗ ಲೀಟರಿಗೆ 35 ಗ್ರಾಂ, ಇಲ್ಲಿ 3 ಗ್ರಾಂ ಮ್ಯಾಲೊಂಚೂರು. ಅದರಿಂದ್ಲೇ ಮಷೀನು ಕ್ಲೋರಿನ್ ತಯಾರ ಮಾಡತೈತಿ. ಆದ್ರ ನಮ್ಮೂರ ಬಿಸಿಲು! ಹಿಡಿಕಿಗೆ ಸಿಡಿದ ಹನಿ ಆರಿ, ಉಪ್ಪಷ್ಟ ಕೂತಿರತೈತಿ. ನೀರಿನಿಂದ ಮ್ಯಾಲೆ ನನ್ನ ಅಧಿಕಾರ ನಡಿಯಂಗಿಲ್ಲ. ಅಲ್ಲಿ ಸಿಹಿನೀರು ಹಾಕಿ ತೊಳೀಬೇಕು.

ತೊಳೆಯುತ್ತಾರೆಯೇ?

ಯಾವ ನೀರಿನಿಂದ ರೀ? ಆಕಡೆ ಕೃಷ್ಣಾ, ಈಕಡೆ ತುಂಗಭದ್ರಾ, ನಡುವ ನಳ ಯಾವಾಗ ಬರತೈತಿ ಅಂತ ಕೊಡ ಹಿಡಕೊಂಡು ಕೂತ ಮಂದಿ.

ಈ ಭಾಗದ ಸ್ಥಳೀಯರಿಗೆ ನೌಕರಿ ಮೀಸಲಿಡುವ ಸಂವಿಧಾನದ 371 ಜೆ ಅಡಿ ಕಾಯಂ ಆಗಬಹುದಿತ್ತಲ್ಲ?

ಅರ್ಜಿ ಹಾಕಿದ್ದೆ. ಸ್ಥಳೀಯ ಪ್ರಮಾಣಪತ್ರ ತಾ ಅಂದ್ರು. ನಮ್ಮ ಖನಿ ಇರೋದು ರಾಜಸ್ಥಾನದಾಗ. ಹಟ್ಟಿ ಬಂಗಾರ ಆಗಿದ್ರ ನಡೀತಿತ್ತು. ಆದ್ರ ಬಂಗಾರ ಯಾರ ಸಲುವಾಗಿ ಸವೆದೈತಿ ಹೇಳ್ರಿ?

ದೇವದುರ್ಗಕ್ಕೆ ವರ್ಗ ಕೇಳಿದ್ದಿರಂತೆ.

ನಮ್ಮ ಅಣ್ತಮ್ಮಂದಿರು ಅಲ್ಲೇ ಅದಾರ, ಜಿ.ಐ. ಪೈಪಿನ ಮ್ಯಾಲೆ ತೆಳ್ಳಗ ಸವರಿಸಿಕೊಂಡು ಬೋರಿನಾಗ ಇಳಿದಾರ. ಸವಳು ನೀರು ಮೊದಲು ಅವರನ್ನ ತಿಂತೈತಿ, ಆಮ್ಯಾಲೆ ಪೈಪನ್ನ. ಕೊಡದಾಗ ಕೆಂಪು ನೀರು ಬಿತ್ತಂದ್ರ ಅವರು ತೀರಿಕೊಂಡ್ರು ಅಂತ ತಿಳ್ಕೋಬೇಕು. ಇನ್ನೊಂದು ಮಾತು. ಬೇರೆ ನೀರು ಇಲ್ಲದಿದ್ರ ಲೀಟರಿಗೆ 2000 ಮಿಲಿಗ್ರಾಂ ಲವಣ ಇದ್ರೂ ಕುಡೀಬಹುದು ಅಂತ ಮಾನಕ ಬ್ಯೂರೋದ ಲೆಕ್ಕ. ಈಜೋರಿಗೆ 3000, ಕುಡಿಯೋರಿಗೆ 2000. ಭಾಳ ಅಂತರ ಏನಿಲ್ರಿ. ಈಜೋರ ನೀರಿಗೆ ಮಾತ್ರ ವಾರಕ್ಕೊಮ್ಮೆ ಟೆಸ್ಟು.

ಮಾನ್ವಿಗಾದರೂ ವರ್ಗ ಕೇಳಬಹುದಿತ್ತಲ್ಲ?

ಅದು ತುಂಗಭದ್ರಾ ಎಡದಂಡೆ ಕಾಲುವೆ ಕೊನೀ ಭಾಗ. ತೂಬಿನ ಗೇಟಿಗೆ ಗ್ರೀಸ್ ಹಚ್ಚಲಿಲ್ಲಂದ್ರ ತಿರುಪು ಕಚ್ಚಿಕೊಂಡು ಕೂತುಬಿಡತೈತಿ. ಯಾರಿಗೂ ಗೊತ್ತಾಗಂಗಿಲ್ಲ. ನೀರು ಅಲ್ಲಿತನ ಬಂದ್ರ ತಾನೇ ಗೇಟು ಎತ್ತೋದು!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು...

ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋತು. 70 ವರ್ಷದ ಅಣೆಕಟ್ಟು, 33 ಗೇಟು. ತುಂಬಿದ ನೀರನ್ನ ನದಿಗೆ ಬಿಟ್ಟು ಆಮ್ಯಾಲೆ ತಡೆ ಹಾಕಿದ್ರು. ತುಕ್ಕೇ ಕಾರಣ ಅಂತ ನಾ ಅನ್ನಂಗಿಲ್ಲ. ವರದಿ ಬರಿಯೋದು ನನ್ನ ಕೆಲಸ ಅಲ್ಲ. ಅದು ಸಿಹಿನೀರು ಅನ್ನೋದಷ್ಟ ನೆನಪಿಟ್ಟುಕೋರಿ.

ನಿಮ್ಮ ಬಗ್ಗೆ ಮೇಲಿನವರಿಗೆ ತೃಪ್ತಿ ಇದೆಯೇ?

ಕೇಳಬ್ಯಾಡ್ರಿ. ಯಾರೋ ದೊಡ್ಡೋರು ಬರ್ತಾರಂತ ಕೊಳದ ನೀರು ಇಳಿಸಿ ಗೋಡೆಗೆ ಬಣ್ಣ ಬಳದ್ರು. ಡಬ್ಬಿಯಾಗ ಉಳಿದದ್ದನ್ನ ನನಗೂ ಬಳದ್ರು. ಬಣ್ಣ ಹಚ್ಚಿಕೊಂಡ ಸತು ಕರಗಂಗಿಲ್ಲ, ನಾ ಕರಗಲಿಲ್ಲಂದ್ರ ಏಣಿಗೆ ಕಾವಲಿಲ್ಲ. ನನ್ನ ತೂಕ ಇಳಿಯೋದು ನಿಂತದ್ದು ನೋಡಿ ‘ಉತ್ತಮ ನಿರ್ವಹಣೆ’ ಅಂತ ಫೈಲಿನಾಗ ಬರದ್ರು. ಈಗ ಏಣಿ ಸಂದಿಯಾಗ ಕಂದು ಕಲೆ ಎದ್ದಾವ.

ಯಾರ ಮೇಲೆ ಕ್ರಮ?

ಏಣಿಗೆ ಹೊಸ ಪಾಲಿಶ್ ಮಂಜೂರಾಗೈತಿ. ಕಾರಣ ಕೇಳಿ ನೋಟಿಸು ನನಗ ಬಂದೈತಿ.