ಶಾಸಕ ಪ್ರಭೇದದ ಉಗಮ

ಸಂಪ್ರದಾಯವಾದಿ ಶಾಸಕನೆಂಬ ಜೀವಿಯ ಬಗ್ಗೆ ಇದುವರೆಗೆ ಬೈಗುಳ ಬೇಕಾದಷ್ಟು ಬಂದಿದೆ, ಸಂಶೋಧನೆ ಬಂದಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಪ್ರಸ್ತುತ ಪ್ರಬಂಧಕಾರನು ಅಮೆರಿಕದ ಟೆನೆಸೀ ರಾಜ್ಯದ ಜಾನ್ ವಾಷಿಂಗ್ಟನ್ ಬಟ್ಲರನನ್ನು ಅಧ್ಯಯನಕ್ಕೆ ಎತ್ತಿಕೊಂಡಿದ್ದಾನೆ. ಜೀವವಿಕಾಸದ ಪಾಠ ನಿಲ್ಲಿಸಿದವನ ವಿಕಾಸವನ್ನು ಜೀವಶಾಸ್ತ್ರದ ಕಣ್ಣಿನಿಂದಲೇ ನೋಡುವುದು ಇಲ್ಲಿನ ಕ್ರಮ.

ಆವಾಸ, ಮೇಕನ್ ಕೌಂಟಿ. ಆಹಾರ ಸಂಪಾದನೆ, ಬೇಸಾಯದಿಂದ. ಪಂಥ, ಪ್ರಿಮಿಟಿವ್ ಬ್ಯಾಪ್ಟಿಸ್ಟ್. ಪ್ರಿಮಿಟಿವ್ ಎಂದರೆ ಆದಿಮ. ಮುಂದೆ ವಿಕಾಸವಾಗುವ ಇರಾದೆ ಇಲ್ಲವೆಂದು ಪಂಥದ ಹೆಸರೇ ಸಾರುತ್ತದೆ. 1922ರಲ್ಲಿ ಗೆದ್ದು ವಿಧಾನಸಭೆಗೆ ಬಂದ. ಶಾಲೆಗೆ ಹೋದ ಮಕ್ಕಳು ಮನೆಗೆ ಬಂದು ಬೈಬಲೆಲ್ಲ ಕಟ್ಟುಕಥೆ ಎನ್ನುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿ ಕಳವಳಗೊಂಡ. ವಿಕಾಸವಾದದ ಬಗ್ಗೆ ತನಗೆ ಆಗ ಏನೂ ಗೊತ್ತಿರಲಿಲ್ಲವೆಂದು ಮುಂದೆ ತಾನೇ ಒಪ್ಪಿಕೊಂಡ.

ಇಲ್ಲಿ ಪೂರ್ವಪಕ್ಷ: ಗೊತ್ತಿಲ್ಲದ ವಿಷಯಕ್ಕೆ ಕಾನೂನು ಮಾಡುವುದುಂಟೆ? ಸಮಾಧಾನ: ಗೊತ್ತಿದ್ದದ್ದಕ್ಕೆ ಮಾತ್ರ ಮಾಡಬೇಕೆಂದು ಹಟ ಹಿಡಿದರೆ ಜಗತ್ತಿನ ಯಾವ ವಿಧಾನಸಭೆಗೂ ಕೋರಂ ಸಿಗದು.

1925ರ ಜನವರಿಯಲ್ಲಿ ಅವನ ಮಸೂದೆಗೆ ಕೆಳಮನೆಯಲ್ಲಿ 71 ಮತ ಬಿದ್ದವು, ವಿರುದ್ಧ 5. ಸೆನೆಟ್ಟಿನಲ್ಲಿ 24, ವಿರುದ್ಧ 6. ಇದನ್ನು ಯಾರೂ ಜಾರಿಗೆ ತರುವುದಿಲ್ಲ ಬಿಡಿ ಎಂಬ ನಂಬಿಕೆಯಲ್ಲಿ ಗವರ್ನರ್ ಆಸ್ಟಿನ್ ಪೀ ಸಹಿ ಹಾಕಿದ. ಅವನ ಶಿಕ್ಷಣ ಸುಧಾರಣೆಗೆ ಹಳ್ಳಿ ಕಡೆಯ ಸದಸ್ಯರ ಬೆಂಬಲ ಬೇಕಿತ್ತು. ಜೀವಶಾಸ್ತ್ರದಲ್ಲಿ ಇದಕ್ಕೆ ಸಹಜೀವನ ಎನ್ನುತ್ತಾರೆ.

ಇನ್ನು ಮೂಲಪಾಠ. ದೈವಸೃಷ್ಟಿಯ ಕಥೆಯನ್ನು ಅಲ್ಲಗಳೆದು, ಮನುಷ್ಯ ಕೆಳದರ್ಜೆಯ ಪ್ರಾಣಿಯಿಂದ ಬಂದನೆಂದು ಸರ್ಕಾರಿ ದುಡ್ಡಿನ ಶಾಲೆಯಲ್ಲಿ ಕಲಿಸಕೂಡದು. ಗಮನಿಸಿ, ಮನುಷ್ಯ ಮಾತ್ರ. ಕಪ್ಪೆ, ಕುದುರೆ, ಹಂದಿಗಳು ಟೆನೆಸೀಯಲ್ಲಿ ಇಷ್ಟಬಂದಂತೆ ವಿಕಾಸ ಹೊಂದಲು ಅಡ್ಡಿಯಿರಲಿಲ್ಲ. ಕೋತಿಯ ಅಜ್ಜ ಯಾರೆಂದು ಮೇಷ್ಟ್ರು ಧಾರಾಳವಾಗಿ ಹೇಳಬಹುದು. ಕೋತಿಯ ಮೊಮ್ಮಗ ಯಾರೆಂದು ಹೇಳಿದರೆ ನೂರರಿಂದ ಐನೂರು ಡಾಲರ್ ದಂಡ. ಇದರ ಮೇಲೆ, ರಾಜ್ಯವೇ ನಿಗದಿಮಾಡಿದ್ದ ಹಂಟರನ ‘ಸಿವಿಕ್ ಬಯಾಲಜಿ’ಯಲ್ಲಿ ವಿಕಾಸದ ಪಾಠವಿತ್ತು. ಪುಸ್ತಕ ಬಿಟ್ಟರೂ ತಪ್ಪು, ಓದಿಸಿದರೂ ತಪ್ಪು. ತರ್ಕಶಾಸ್ತ್ರದಲ್ಲಿ ಇದು ವದತೋವ್ಯಾಘಾತ. ಇಲಾಖೆಯಲ್ಲಿ ಇದು ಮಾಮೂಲು.

ಜುಲೈನಲ್ಲಿ ಡೇಟನ್ ಎಂಬ ಸಣ್ಣ ಊರಿನಲ್ಲಿ, ಈ ಕಾನೂನು ಮುರಿದನೆಂದು, ಜಾನ್ ಸ್ಕೋಪ್ಸ್ ಎಂಬ ಇಪ್ಪತ್ತನಾಲ್ಕರ ಹುಡುಗ ಮೇಷ್ಟ್ರ ವಿಚಾರಣೆ ನಡೆಯಿತು. ಸರ್ಕಾರದ ಕಡೆಗೆ ಬ್ರಯನ್, ಮೇಷ್ಟ್ರ ಕಡೆಗೆ ಡ್ಯಾರೋ ಎಂಬ ಘಟಾನುಘಟಿ ವಕೀಲರ ಜಟಾಪಟಿ ಎಲ್ಲರಿಗೂ ಗೊತ್ತಿರುವುದರಿಂದ ಬಿಟ್ಟಿದ್ದೇನೆ. ನೂರು ಡಾಲರ್ ದಂಡ ಬಿತ್ತು. ಐವತ್ತಕ್ಕೆ ಮೀರಿದ ದಂಡವನ್ನು ಜ್ಯೂರಿ ವಿಧಿಸಬೇಕಿತ್ತು, ನ್ಯಾಯಾಧೀಶ ವಿಧಿಸಿದ್ದಾನೆ ಎಂದು 1927ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದುಮಾಡಿತು. ದೇವರೂ ಗೆಲ್ಲಲಿಲ್ಲ, ಡಾರ್ವಿನ್ನನೂ ಗೆಲ್ಲಲಿಲ್ಲ, ಗೆದ್ದದ್ದು ಲೆಕ್ಕಪತ್ರ. ಕಾನೂನು ಮಾತ್ರ ಅಪೆಂಡಿಕ್ಸಿನಂತೆ ರಾಜ್ಯದ ಹೊಟ್ಟೆಯಲ್ಲೇ ಉಳಿಯಿತು. 1967ರಲ್ಲಿ ಇನ್ನೊಬ್ಬ ಮೇಷ್ಟ್ರ ಕೆಲಸಕ್ಕೆ ಕುತ್ತು ತಂದು ಊದಿಕೊಂಡಾಗ ಕೊಯ್ದು ತೆಗೆದರು.

ನಮ್ಮ ಪ್ರಮೇಯಕ್ಕೆ ತೊಡಕಾಗುವ ಒಂದು ಸಂಗತಿಯನ್ನು ಮುಚ್ಚಿಡುವುದು ಸಂಶೋಧಕನಿಗೆ ತರವಲ್ಲ. ಡೇಟನ್ನಿಗೆ ಬಟ್ಲರ್ ಪತ್ರಿಕೆಗಳಿಗೆ ವರದಿ ಬರೆಯಲು ಬಂದು ಕೂತಿದ್ದ. ವಿಜ್ಞಾನಿಗಳ ಸಾಕ್ಷ್ಯ ಜ್ಯೂರಿಗೆ ಬೇಡವೆಂದು ನ್ಯಾಯಾಧೀಶ ತೀರ್ಪಿತ್ತಾಗ ಬ್ರಯನ್ನನ ಕಡೆಯವರು ಹಿಗ್ಗಿದರು, ಇವನು ಹಿಗ್ಗಲಿಲ್ಲ. ಗೆಲುವು ನಮ್ಮದೇ ಸರಿ, ಆದರೆ ನ್ಯಾಯ ನ್ಯಾಯವೇ. ವಿಕಾಸವೆಂದರೆ ಏನೆಂದು ಹೇಳಲು ಅವರಿಗೂ ಒಂದು ಅವಕಾಶ ಕೊಡಬೇಕಿತ್ತು, ಕೇಳಬೇಕೆಂದು ನನಗೂ ಆಸೆಯಿತ್ತು ಎಂಬರ್ಥದ ಮಾತಾಡಿದ.