ಯಾವ ಪೋರ್ಚುಗೀಸು? – ಒಂದು ಲೋಪಾಗಮಾದೇಶ ವಿಚಾರ

ಭಾಷೆ ಕಲಿಯುವ ಉದ್ಯಮಕ್ಕೆ ಮೂರು ಘಟ್ಟಗಳು: ಕಲಿಯುತ್ತೇನೆಂದು ಊರಿಗೆಲ್ಲ ಸಾರುವುದು, ಅದರಲ್ಲಿ ಯಾವ ಬಗೆಯನ್ನು ಕಲಿಯಬೇಕೆಂದು ಚಿಂತಿಸುವುದು, ಆಮೇಲೆ ಕಲಿಯುವುದು. ಪೋರ್ಚುಗೀಸಿನ ಮಟ್ಟಿಗೆ ವಿದ್ವಲ್ಲೋಕ ಮೂರನೆಯ ಘಟ್ಟಕ್ಕೆ ಅನಗತ್ಯವಾದ ಮಹತ್ವ ಕೊಟ್ಟಿದೆ. ಎರಡನೆಯದೇ ಒಂದು ಸ್ವತಂತ್ರ ಶಾಸ್ತ್ರ, ಮನುಷ್ಯನ ಒಂದು ಆಯುಷ್ಯಕ್ಕೆ ಅಷ್ಟು ಸಾಕು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಪ್ರಬಂಧಕಾರನಿಗೆ ಪೋರ್ಚುಗೀಸ್ ಬಾರದು. ಆದ್ದರಿಂದ ಆತನ ನಿಷ್ಪಕ್ಷಪಾತದ ಬಗ್ಗೆ ಯಾರೂ ಸಂಶಯಪಡಬೇಕಾಗಿಲ್ಲ.

ಮೊದಲು ವಾದಿಗಳ ಪರಿಚಯ. ಹೆಚ್ಚು ಜನ ಆಡಿದ್ದೇ ಭಾಷೆ ಎನ್ನುವ ಸಂಖ್ಯಾವಾದಿಗಳು ಬ್ರೆಜಿಲ್ ಪಕ್ಷ. ಅಲ್ಲಿ 2022ರ ಜನಗಣತಿಯಂತೆ 20 ಕೋಟಿಗೂ ಮಿಕ್ಕಿದ ಜನ. ಪೋರ್ಚುಗಲ್‌ನಲ್ಲಿ ಒಂದು ಕೋಟಿಯ ಆಸುಪಾಸು. ಮೂಲವಾದಿಗಳು ಲಿಸ್ಬನ್ ಪಕ್ಷ. 1572ರಲ್ಲಿ ಕಮೋಯಿಷ್ (ಸಾವೊ ಪಾಲೊ ಪಾಠಾಂತರ: ಕಮೋಯಿಸ್) ತನ್ನ ಮಹಾಕಾವ್ಯವನ್ನು ಅಚ್ಚು ಹಾಕಿಸಿದ್ದು ಲಿಸ್ಬನ್ನಿನಲ್ಲಲ್ಲವೆ ಎನ್ನುತ್ತಾರೆ. ಇದಕ್ಕೆ ಸಂಖ್ಯಾವಾದಿಗಳ ಖಂಡನೆ ಹೀಗಿದೆ: ನೆಪೋಲಿಯನ್ನನ ಸೇನೆಗೆ ಹೆದರಿ ಪೋರ್ಚುಗಲ್‌ನ ಆಸ್ಥಾನವೇ ಗಂಟುಮೂಟೆ ಕಟ್ಟಿ 1808ರಲ್ಲಿ ಬ್ರೆಜಿಲ್ ಸೇರಿತು, ದೊರೆ ವಾಪಸಾದದ್ದು 1821ರಲ್ಲಿ, ಮೂಲವೇ ಎದ್ದು ಬಂದು ರಿಯೊದಲ್ಲಿ ಬಿಡಾರ ಹೂಡಿದ ಮೇಲೆ ಮೂಲಸ್ಥಾನ ಯಾವುದು? ರಿಯೊದವರು ಪದದ ಕೊನೆಯ ಸಕಾರವನ್ನು ಲಿಸ್ಬನ್ನಿನವರಂತೆ ಶಕಾರ ಮಾಡುವುದು ಆ ಆಸ್ಥಾನಿಕರು ಬಿಟ್ಟುಹೋದ ಆಸ್ತಿಯೆಂಬ ಪ್ರತೀತಿಯೂ ಇದೆ. ಸಾವೊ ಪಾಲೊದವರು ಈ ಆಸ್ತಿಯಲ್ಲಿ ಪಾಲು ಕೇಳಿಲ್ಲ.

ಈ ಜಗಳವನ್ನು ಬಗೆಹರಿಸಬಲ್ಲ ಸಾಧನ ಯೂರೋಪಿನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಅದು ನಮ್ಮ ಎಂಟನೆಯ ತರಗತಿಯ ವ್ಯಾಕರಣದಲ್ಲಿದೆ. ಲೋಪ, ಆಗಮ, ಆದೇಶ. ಲಿಸ್ಬನ್ನಿನದು ಲೋಪಪಂಥ. ಒತ್ತು ಬೀಳದ ಸ್ವರ ಕಂಡರೆ ಅಲ್ಲಿನವರು ನುಂಗುತ್ತಾರೆ. ದೂರವಾಣಿಗೆ ಬರೆಯುವುದು ‘ತೆಲೆಫೋನೆ’ ಎಂದು, ಅವಸರದಲ್ಲಿ ಬಾಯಿಂದ ಬೀಳುವುದು ‘ತ್ಲ್‌ಫೋನ್’. ಉಳಿದ ಸ್ವರಗಳನ್ನು ಕೇಳುಗನೇ ತನ್ನ ಖರ್ಚಿನಲ್ಲಿ ತುಂಬಿಕೊಳ್ಳಬೇಕು. ಬ್ರೆಜಿಲ್‌ನಲ್ಲಿ ಅದು ‘ತೆಲೆಫೋನಿ’, ಸ್ವರಗಳೆಲ್ಲ ಸುರಕ್ಷಿತ. ಸಾಲದ್ದಕ್ಕೆ ಆಗಮವೂ ಉಂಟು: ವ್ಯಂಜನದಲ್ಲಿ ಮುಗಿಯುವ ಪರದೇಶಿ ಪದ ಬಂದರೆ ಒಂದು ಇಕಾರ ಅಂಟಿಸಿ ‘ಫೇಸಿಬುಕಿ’ ಎನ್ನುತ್ತಾರೆ. ಇನ್ನು ಆದೇಶ: ರಿಯೊ, ಸಾವೊ ಪಾಲೊಗಳಲ್ಲಿ ‘ತಿ’ಗೆ ‘ಚಿ’, ‘ದಿ’ಗೆ ‘ಜಿ’. ಬೆಳಗಿನ ನಮಸ್ಕಾರವಾದ ‘ಬೊಂ ದೀಯ’ ಅಲ್ಲಿ ‘ಬೊಂ ಜೀಯ’ ಆಗುವುದರಿಂದ, ಬೀದಿಯಲ್ಲಿ ಎದುರಾದ ಅಪರಿಚಿತನೂ ನಮ್ಮನ್ನು ಹಳಗನ್ನಡದ ಅರಸನೆಂದೇ ಭಾವಿಸಿರುವಂತೆ ತೋರುತ್ತದೆ.

ಬಸ್ಸು, ಕಾರು, ಬ್ಯಾಂಕು, ಪೇಪರು ಎಂದು ಬಂದ ಪದಕ್ಕೆಲ್ಲ ಉಕಾರದ ಬಾಲ ಕಟ್ಟಿ ಒಳಗೆ ಬಿಟ್ಟುಕೊಳ್ಳುವ ಕನ್ನಡಿಗನ ನಾಲಗೆ ಆಗಮಪಂಥಕ್ಕೆ ಸೇರಿದ್ದೆಂದು ಬೇರೆ ಹೇಳಬೇಕಿಲ್ಲ. ಇಲ್ಲಿಗೆ ಪ್ರಬಂಧ ಮುಗಿಯಬಹುದಿತ್ತು. ಆದರೆ ಹಣ್ಣಿನ ಸಾಕ್ಷ್ಯ ಅಡ್ಡ ಬರುತ್ತದೆ. ದಕ್ಷಿಣ ಅಮೆರಿಕದ ಟುಪಿ ಜನರ ಮಾತಿನಿಂದ ‘ಅನನಾಸ್’ ಎಂಬ ಹೆಸರನ್ನು ಎತ್ತಿಕೊಂಡ ಪೋರ್ಚುಗೀಸರು ಹಣ್ಣನ್ನೂ ಹೆಸರನ್ನೂ ನಮ್ಮ ಕರಾವಳಿಗೆ ತಂದರು. ನಾವು ಇಂದಿಗೂ ಅನಾನಸ್ ಎನ್ನುತ್ತೇವೆ, ಲಿಸ್ಬನ್ನಿನವರೂ ಎನ್ನುತ್ತಾರೆ. ಹಣ್ಣಿನ ತವರಾದ ಬ್ರೆಜಿಲ್ ಮಾತ್ರ ‘ಅಬಕಶಿ’ ಎನ್ನುತ್ತದೆ. ಬಿಡಿಸಲಾಗದ ತಲೆನೋವಿಗೂ ಅಲ್ಲಿ ಅದೇ ಹೆಸರು. ಹೀಗೆ ಕನ್ನಡಿಗ ನಾಲಗೆಯಿಂದ ಬ್ರೆಜಿಲ್‌ಗೂ ಹೊಟ್ಟೆಯಿಂದ ಲಿಸ್ಬನ್ನಿಗೂ ಸಲ್ಲುತ್ತಾನೆ.

ಮೂಲವಾದಿಗಳು ಈಗ ಹಂಪಿಯನ್ನು ಎಳೆದು ತರುತ್ತಾರೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದು ಕಂಡದ್ದನ್ನು ಬರೆದಿಟ್ಟ ಡೊಮಿಂಗೊ ಪಾಯಸ್ ಅಪ್ಪಟ ಪೋರ್ಚುಗಲ್‌ನವನು, ನಿಜ. ಆದರೆ ಲಿಸ್ಬನ್ನಿನ ಸ್ವರಲೋಪ ಬಲಿತದ್ದು 18ನೆಯ ಶತಮಾನದಿಂದೀಚೆಗೆ ಎಂಬುದು ಹಲವು ಭಾಷಾ ಇತಿಹಾಸಕಾರರ ಮತ. ಅಂದರೆ ಹಂಪಿಯ ಬಜಾರಿನಲ್ಲಿ ಪಾಯಸ್ ಕುದುರೆಯ ಬೆಲೆ ಕೇಳಿದ್ದರೆ ಸ್ವರಗಳನ್ನು ಇಡಿಯಾಗಿಯೇ ಉಚ್ಚರಿಸಿರಬೇಕು. ಮೂಲವಾದಿಗಳ ಮೂಲಪುರುಷನೇ ಸಂಖ್ಯಾವಾದಿಗಳ ಕಡೆ ವಾಲಿದಂತಾಯಿತು.

ಇಬ್ಬರನ್ನೂ ಒಂದು ಮಾಡುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಪೋರ್ಚುಗೀಸ್ ಆಡುವ ದೇಶಗಳು 1990ರಲ್ಲಿ ಕಾಗುಣಿತ ಒಪ್ಪಂದಕ್ಕೆ ಸಹಿ ಹಾಕಿದವು. ಉಚ್ಚರಿಸದ ವ್ಯಂಜನವನ್ನು ಬರೆಯಬೇಡಿ ಎಂಬುದು ಅದರ ಒಂದು ನಿಯಮ. ಹೋಟೆಲಿನ ರಿಸೆಪ್ಷನ್ನಿಗೆ ಅದುವರೆಗೆ ಎರಡೂ ಕಡೆ ಪಕಾರ ಸೇರಿಸಿ ಒಂದೇ ರೀತಿ ಬರೆಯುತ್ತಿದ್ದರು. ಬ್ರೆಜಿಲ್‌ನವರು ಪಕಾರ ಉಚ್ಚರಿಸುತ್ತಾರೆ, ಉಳಿಸಿಕೊಂಡರು. ಪೋರ್ಚುಗಲ್‌ನವರು ಉಚ್ಚರಿಸುವುದಿಲ್ಲ, ಬಿಟ್ಟರು. ಏಕೀಕರಣದ ಒಪ್ಪಂದದಿಂದ ಒಂದಾಗಿದ್ದ ಪದ ಎರಡಾಯಿತು. ಸಮಿತಿ ರಚಿಸಿ ಅನುಭವವಿರುವ ಯಾವ ದೇಶಕ್ಕೂ ಇದು ಆಶ್ಚರ್ಯ ತರಬಾರದು. ಕಾದಂಬರಿಕಾರ ಸರಮಾಗೊ ಅಂತೂ ತನ್ನ ಪುಸ್ತಕಗಳು ಬ್ರೆಜಿಲ್‌ನಲ್ಲಿ ಅಚ್ಚಾಗುವಾಗಲೂ ಪೋರ್ಚುಗಲ್‌ನ ಕಾಗುಣಿತವೇ ಇರಲಿ ಎಂದ.

ಪದಕೋಶದ ವಿಚಾರ ಸಂಕ್ಷೇಪವಾಗಿ. ‘ಪ್ರೊಪೀನ’ ಎಂದರೆ ಪೋರ್ಚುಗಲ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಕಟ್ಟುವ ಶುಲ್ಕ, ಬ್ರೆಜಿಲ್‌ನಲ್ಲಿ ಲಂಚ. ಕರ್ನಾಟಕದ ಓದುಗರಿಗೆ ಈ ಎರಡರ ನಡುವಿನ ವ್ಯತ್ಯಾಸ ತೀರ ಸೂಕ್ಷ್ಮವೆನಿಸಿದರೆ ಅದಕ್ಕೆ ಭಾಷಾಶಾಸ್ತ್ರ ಹೊಣೆಯಲ್ಲ. ಬಸ್ಸಿಗೆ ಲಿಸ್ಬನ್ನಿನಲ್ಲಿ ‘ಔಟೊಕಾರು’, ರಿಯೊದಲ್ಲಿ ‘ಓನಿಬುಸ್’, ಮೊಜಾಂಬಿಕ್‌ನಲ್ಲಿ ‘ಮಶಿಂಬೊಂಬು’. ಈ ಕೊನೆಯ ಪದವೊಂದಕ್ಕಾಗಿಯೇ ಆಫ್ರಿಕದ ಪೋರ್ಚುಗೀಸನ್ನು ಏಕೆ ಕಲಿಯಬಾರದೆಂದು ಪ್ರಬಂಧಕಾರನಿಗೆ ಅನಿಸಿದೆ. ಆದರೆ ಆಯ್ಕೆಯ ಚರ್ಚೆಯಲ್ಲಿ ಅಂಗೋಲ, ಮೊಜಾಂಬಿಕ್‌ಗಳ ಹೆಸರೆತ್ತುವವರೇ ಇಲ್ಲ. ಅಂಗೋಲದಲ್ಲಿ ಮನೆಮಾತಾಗಿಯೇ ಪೋರ್ಚುಗೀಸ್ ಬಳಸುವವರು ಕೋಟಿಗಟ್ಟಲೆ ಇರುವುದು ಸಂಖ್ಯಾವಾದಿಗಳಿಗೂ ಏಕೋ ಕಂಡಿಲ್ಲ.

ಕಲಿತ ಮೇಲೆ ಅರ್ಥವಾದೀತೆ ಎಂಬ ಶಂಕೆ ಉಳಿಯಿತು. 1977ರಲ್ಲಿ ‘ಗಬ್ರಿಯೇಲ’ ಎಂಬ ಬ್ರೆಜಿಲ್ ಧಾರಾವಾಹಿ ಪೋರ್ಚುಗಲ್‌ನ ಮನೆಮನೆ ಹೊಕ್ಕಿತು. ಅಂದಿನಿಂದ ಲಿಸ್ಬನ್ನಿಗೆ ರಿಯೊ ಅರ್ಥವಾಗುತ್ತದೆ. ರಿಯೊಗೆ ಲಿಸ್ಬನ್ ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ. 2021ರಲ್ಲಿ ಲಿಸ್ಬನ್ನಿನ ಪತ್ರಿಕೆಯೊಂದು, ಬ್ರೆಜಿಲ್ ವಿಡಿಯೊ ನೋಡಿ ನೋಡಿ ನಮ್ಮ ಮಕ್ಕಳು ಬಸ್ಸಿಗೆ ‘ಓನಿಬುಸ್’ ಎನ್ನುತ್ತಿವೆ ಎಂದು ವರದಿ ಮಾಡಿತು. ಮೂಲವಾದಿಗಳ ಮೊಮ್ಮಕ್ಕಳು ಆಯ್ಕೆಶಾಸ್ತ್ರದ ಗಂಧವೂ ಇಲ್ಲದೆ ಆಯ್ಕೆ ಮುಗಿಸಿಬಿಟ್ಟಿದ್ದಾರೆ.

ಸಿದ್ಧಾಂತ: ಪೋರ್ಚುಗಲ್‌ನ ಪೌರತ್ವ ಬೇಕಾದವನು ‘ಸಿಪ್ಲೆ’ ಪರೀಕ್ಷೆಗೂ, ಬ್ರೆಜಿಲ್‌ನಲ್ಲಿ ಓದಬೇಕಾದವನು ‘ಸೆಲ್ಪಿ-ಬ್ರಾಸ್’ ಪರೀಕ್ಷೆಗೂ ಕೂರುತ್ತಾನೆ, ಇಬ್ಬರೂ ಯಾವ ಪೋರ್ಚುಗೀಸು ಎಂದು ಯಾರನ್ನೂ ಕೇಳುವುದಿಲ್ಲ. ಕೇಳುವವನಿಗೆ ಎಲ್ಲಿಗೂ ಹೋಗುವ ಅವಸರವಿಲ್ಲ. ಈ ಶಾಸ್ತ್ರಕ್ಕೆ ಅವನೇ ನಿಜವಾದ ಅಧಿಕಾರಿ.

ಪ್ರಬಂಧದ ಮೇಲೆ ಆಕ್ಷೇಪಣೆಗಳಿದ್ದಲ್ಲಿ ಓದುಗರು ಪೋರ್ಚುಗೀಸಿನಲ್ಲೇ ಬರೆದು ಕಳುಹಿಸಬೇಕಾಗಿ ವಿನಂತಿ. ಯಾವ ಪೋರ್ಚುಗೀಸಿನಲ್ಲಿ ಎಂದು ವಿಚಾರಿಸುವ ಪತ್ರಗಳಿಗೆ ಉತ್ತರಿಸಲಾಗುವುದಿಲ್ಲ.