ಗೃಹಧ್ವನಿಮುದ್ರಣದಲ್ಲಿ ಪಂಚಭೇದ: ಒಂದು ಮಿಕ್ಸರ್ ಮೀಮಾಂಸೆ

ಯುಎಸ್‌ಬಿ ಮಿಕ್ಸರ್ ಹಲವು ಮೈಕುಗಳ ಧ್ವನಿಯನ್ನು ಒಂದೇ ಕೇಬಲಿನಲ್ಲಿ ಕಂಪ್ಯೂಟರಿಗೆ ಮುಟ್ಟಿಸುವ ಯಂತ್ರ. ಅದರ ಮೇಲೆ ಎಂಟೋ ಹತ್ತೋ ಸಾಲು ನಾಬ್‌ಗಳಿರುತ್ತವೆ; ಆದ್ದರಿಂದ ಕಂಪ್ಯೂಟರಿನಲ್ಲೂ ಅಷ್ಟೇ ಟ್ರ್ಯಾಕುಗಳು ಬೇರೆಬೇರೆಯಾಗಿ ಮೂಡುತ್ತವೆ ಎಂಬುದು ಪೂರ್ವಪಕ್ಷ. ಇದನ್ನು ನಂಬಿ ಹಣ ಕೊಟ್ಟವರಿಗೆ ಸಿದ್ಧಾಂತ ತಿಳಿಯುವುದು ಪೆಟ್ಟಿಗೆ ಬಿಚ್ಚಿದ ಮೇಲೆ. ಯಮಹಾ ಎಂಜಿ10ಎಕ್ಸ್‌ಯು ಹತ್ತು ಚಾನೆಲ್ಲಿನದಾದರೂ ಯುಎಸ್‌ಬಿಯಲ್ಲಿ ಕಳಿಸುವುದು ಎಡ, ಬಲ ಎಂಬ ಎರಡನ್ನೇ. ಉಳಿದ ನಾನಾತ್ವವೆಲ್ಲ ಒಳಗೇ ಲಯವಾಗುತ್ತದೆ. ಈ ವರ್ಗದ ಯಂತ್ರಗಳನ್ನು ಅದ್ವೈತಿಗಳೆಂದೇ ಕರೆಯಬೇಕು. ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆಯಂಥವು 14 ಚಾನೆಲ್ಲುಗಳನ್ನು ಬಿಡಿಬಿಡಿಯಾಗಿಯೇ ದಾಟಿಸುತ್ತವೆ. ಇವು ದ್ವೈತಿಗಳು, ಬೆಲೆಯೂ ಅದಕ್ಕೆ ತಕ್ಕಂತೆ.

ಟ್ರ್ಯಾಕುಗಳು ಬೆರೆಯಬಾರದೆಂಬ ಹಂಬಲ ಹೊಸದಲ್ಲ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಆಂಪೆಕ್ಸ್ ಕಂಪನಿಯಿಂದ ಎಂಟು ಟ್ರ್ಯಾಕಿನ ಟೇಪ್ ಯಂತ್ರ ತರಿಸಿಕೊಂಡದ್ದು ಇದಕ್ಕಾಗಿಯೇ. ಆದರೆ ಭೇದ ಸತ್ಯ, ಅದು ಐದು ಬಗೆ ಎಂಬುದನ್ನು ಉಡುಪಿ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು 13ನೇ ಶತಮಾನದಲ್ಲೇ ಸಾಧಿಸಿದ್ದರು. ಆಂಪೆಕ್ಸಿಗೆ ಇದನ್ನು ಯಾರೂ ತಿಳಿಸಿದಂತಿಲ್ಲ. ಉಡುಪಿಯ ಕಡಿಯಾಳಿಯಲ್ಲಿ ಯಕ್ಷಗಾನದ ಪದ ಮುದ್ರಿಸುವ ಕೋಣೆಯೊಂದಕ್ಕೆ ಈ ಪಂಚಭೇದ ಹೀಗೆ ಅನ್ವಯಿಸುತ್ತದೆ. ಜೀವ-ಜೀವ ಭೇದ: ಭಾಗವತರ ಮೈಕಿನಲ್ಲಿ ಚಂಡೆ ಕೇಳಬಾರದು. ಜೀವ-ಜಡ ಭೇದ: ಪದದೊಳಗೆ ಫ್ಯಾನು ಕೇಳಬಾರದು. ಜಡ-ಜಡ ಭೇದ: ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಪಕ್ಕದ ಮನೆಯ ಮಿಕ್ಸಿಯೂ ಬೇರೆಬೇರೆ ರೋಗಗಳು, ಮೊದಲನೆಯದು ಅರ್ಥಿಂಗ್ ಸರಿಪಡಿಸಿದರೆ ಹೋಗುತ್ತದೆ, ಎರಡನೆಯದು ಕಾಯಿ ಅರೆದು ಮುಗಿದರೆ. ಜಡ-ಈಶ್ವರ ಭೇದ: ನಾಬ್ ಬೇರೆ, ತಿರುಗಿಸುವವನು ಬೇರೆ, ಸದ್ದು ಕೆಟ್ಟಾಗ ಯಂತ್ರವನ್ನು ಬೈಯುವವರು ಇದನ್ನು ಮರೆಯುತ್ತಾರೆ. ಕೊನೆಯದು ಜೀವ-ಈಶ್ವರ ಭೇದ, ಅಂದರೆ ಹಾಡುವವನೂ ಮಿಕ್ಸರ್ ನಡೆಸುವವನೂ ಬೇರೆ ಎಂಬುದು. ಮನೆಯ ಸ್ಟುಡಿಯೋದಲ್ಲಿ ಇಬ್ಬರೂ ಒಬ್ಬನೇ ಆಗಿರುವುದರಿಂದ ಇಲ್ಲಿ ಮಾತ್ರ ಸಿದ್ಧಾಂತ ಕುಂಟುತ್ತದೆ. ರೆಕಾರ್ಡ್ ಗುಂಡಿ ಒತ್ತಿ ಓಡಿಬಂದು ಮೈಕಿನ ಮುಂದೆ ಏದುಸಿರು ಬಿಡುವುದು ಈ ಅಭೇದದ ಫಲ.

ಅದ್ವೈತ ಮಿಕ್ಸರಿನಿಂದಲೂ ದ್ವೈತ ಸಾಧಿಸಬಹುದು. ಪ್ಯಾನ್ ನಾಬ್‌ನಲ್ಲಿ ಪದವನ್ನು ಪೂರ್ತಿ ಎಡಕ್ಕೂ ಮದ್ದಳೆಯನ್ನು ಪೂರ್ತಿ ಬಲಕ್ಕೂ ತಿರುಗಿಸಿದರೆ ಎರಡು ಪ್ರತ್ಯೇಕ ಟ್ರ್ಯಾಕುಗಳು ಕೈಸೇರುತ್ತವೆ. ಎರಡೂ ಸಾಲದೆಂದರೆ ಒಬ್ಬೊಬ್ಬರನ್ನೇ ಕೂರಿಸಿ, ಹಿಂದಿನದನ್ನು ಹೆಡ್‌ಫೋನಿನಲ್ಲಿ ಕೇಳಿಸುತ್ತ, ಒಂದರ ಮೇಲೊಂದು ಮುದ್ರಿಸಬೇಕು. ಆಡಾಸಿಟಿಯಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು. ಕ್ರಮ ಮಾತ್ರ ತಪ್ಪಬಾರದು: ಶ್ರುತಿ, ಬಳಿಕ ತಾಳ ಹಿಡಿದ ಭಾಗವತರ ಪದ, ಆಮೇಲೆ ಮದ್ದಳೆ, ಕೊನೆಗೆ ಚಂಡೆ. ಚಂಡೆಯನ್ನು ಮೊದಲು ಮುದ್ರಿಸಿ ಭಾಗವತರನ್ನು ಅದರ ಬೆನ್ನಿಗೆ ಹಾಡಿಸುವುದು ತಾಂತ್ರಿಕವಾಗಿ ಸಾಧ್ಯ. ಹತ್ತಿರದ ಇಂದ್ರಾಳಿಯಲ್ಲೇ ಯಕ್ಷಗಾನ ಕೇಂದ್ರ ಇರುವಾಗ ಅದನ್ನು ಬಾಯಿಬಿಟ್ಟು ಹೇಳದಿರುವುದು ಲೇಸು.

ಈ ಮಾರ್ಗದ ದೊಡ್ಡ ಭಯ ಪುನರ್ಜನ್ಮದ್ದು. ಕಂಪ್ಯೂಟರಿನಿಂದ ಮರಳುವ ಹಳೆಯ ಟ್ರ್ಯಾಕು ಮಿಕ್ಸರಿನ ಮುಖ್ಯ ಔಟ್‌ಪುಟ್ಟಿಗೆ ಸೇರಿದರೆ ಹೊಸ ಟ್ರ್ಯಾಕಿನಲ್ಲೂ ಹುಟ್ಟಿಬರುತ್ತದೆ: ಮದ್ದಳೆಯೊಳಗೆ ಪದ, ಚಂಡೆಯೊಳಗೆ ಪದವೂ ಮದ್ದಳೆಯೂ. ಹಳೆಯದು ಹೆಡ್‌ಫೋನಿಗಷ್ಟೇ ಹೋಗುವಂತೆ ಮಾಡುವ ಗುಂಡಿಯೊಂದು ಕೆಲವು ಮಿಕ್ಸರುಗಳಲ್ಲಿದೆ. ಅದೇ ಮೋಕ್ಷಸಾಧನ.

ಸದ್ದು ಕಂಪ್ಯೂಟರಿಗೆ ಹೋಗಿಬರುವಾಗ ಆಗುವ ವಿಳಂಬದ ಲೆಕ್ಕ ಸುಲಭ. 48 ಕಿಲೋಹರ್ಟ್ಸಿನಲ್ಲಿ 128 ಸ್ಯಾಂಪಲ್ಲಿನ ಬಫರ್ ಎಂದರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, ಅಷ್ಟರಲ್ಲಿ ಸದ್ದು ಗಾಳಿಯಲ್ಲಿ ಒಂದು ಮೀಟರೂ ಸಾಗದು. 1024 ಇಟ್ಟರೆ 21 ಮಿಲಿಸೆಕೆಂಡ್, ಸುಮಾರು ಏಳು ಮೀಟರು: ಚಂಡೆಯವರನ್ನು ಅಂಗಳದಾಚೆ ಕೂರಿಸಿದಂತೆ. ಇನ್ನು ಧ್ವನಿಮಟ್ಟ: ಚಂಡೆಯ ಪೆಟ್ಟು ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ಸಾಕು. ಸೊನ್ನೆ ದಾಟಿ ಒಡೆದ ಡಿಜಿಟಲ್ ಸದ್ದಿಗೆ ಪ್ರಾಯಶ್ಚಿತ್ತವಿಲ್ಲ.

ಮುಹೂರ್ತವೂ ವಿಚಾರಾರ್ಹ. ಕಡಿಯಾಳಿ ಇರುವುದು ಉಡುಪಿ-ಮಣಿಪಾಲ ರಸ್ತೆಯಲ್ಲಿ. ಅಲ್ಲಿನ ಬಸ್ಸುಗಳ ಹಾರ್ನಿಗೆ ಕಂಬಳಿ ಇಳಿಬಿಟ್ಟ ಕಿಟಕಿ ಲೆಕ್ಕಕ್ಕಿಲ್ಲ. ಕೊನೆಯ ಬಸ್ಸಿನ ನಂತರ, ಮಹಿಷಮರ್ದಿನಿ ದೇವಸ್ಥಾನದ ಬೆಳಗಿನ ಗಂಟೆಗೆ ಮುಂಚೆ ಇರುವ ಅವಧಿಯೇ ಪ್ರಶಸ್ತ. ಆ ಹೊತ್ತಿನಲ್ಲಿ ಚಂಡೆ ಬಾರಿಸಿದರೆ ನೆರೆಯವರು ತಾವಾಗಿ ಬಂದು ಇನ್ನೊಂದು ಟ್ರ್ಯಾಕ್ ಸೇರಿಸುತ್ತಾರೆ ಎಂಬ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಸಮಾಧಾನವಿಲ್ಲ. ನವರಾತ್ರಿಯಲ್ಲಿ ಮುಹೂರ್ತವೇ ಇಲ್ಲ. ಮಳೆಗಾಲದಲ್ಲಿ ಕಪ್ಪೆಗಳು ಶ್ರುತಿ ಹಿಡಿಯುತ್ತವೆ, ಆದರೆ ಅದು ಹಾರ್ಮೋನಿಯಂನ ಕರಿ ಎರಡಕ್ಕೆ ಕೂಡಿಬರುವುದಿಲ್ಲ.

ಕಡೆಯ ಘಟ್ಟ ತಾರತಮ್ಯ, ಅಂದರೆ ಫೇಡರುಗಳ ಏರಿಳಿತ. ಪದವೇ ಸರ್ವೋತ್ತಮ. ವಾಯುವಿನಿಂದ ನುಡಿಯುವ ಹಾರ್ಮೋನಿಯಂ ಅದರ ನಂತರದ ಪೀಠ ಕೇಳುವುದು ಮತಸಮ್ಮತವೇ. ಆದರೆ ಯಕ್ಷಗಾನದ ಬಡಗುತಿಟ್ಟಿನಲ್ಲಿ ಅದರ ಕೆಲಸ ಶ್ರುತಿ ಹಿಡಿಯುವುದಷ್ಟೇ, ಆದ್ದರಿಂದ ಕೇಳಿಯೂ ಕೇಳದಂತಿರಬೇಕು. ಚಂಡೆಯನ್ನು ಎಷ್ಟು ತಗ್ಗಿಸಿದರೂ ಸಾಲದು. ಬಾರಿಸಿದವರು ಪಕ್ಕದಲ್ಲೇ ಕುಳಿತಿದ್ದರೆ ಎಷ್ಟು ಏರಿಸಿದರೂ ಸಾಲದು.

ಗುಡುಗು ಕೇಳಿಸಿದೊಡನೆ ಇದೆಲ್ಲವನ್ನೂ ಅಲ್ಲಿಗೇ ಬಿಟ್ಟು ಮಿಕ್ಸರಿನ ಪ್ಲಗ್ಗು ಕಿತ್ತಿಡಬೇಕು. ಕರಾವಳಿಯ ಸಿಡಿಲಿನ ವಿಷಯದಲ್ಲಿ ತ್ರಿಮತಸ್ಥರಿಗೂ ಭಿನ್ನಾಭಿಪ್ರಾಯವಿಲ್ಲ.